ಹುಳುಮನೆಗೆ ಬಂದ ಕಾನೂನು

ಮೂರನೇ ಜ್ವರ ಬಿಟ್ಟು ಎದ್ದ ಹುಳು ಸೊಪ್ಪಿಗೆ ಬಾಯಿ ಹಾಕಲಿಲ್ಲ. ರೇಷ್ಮೆ ಹುಳು ಮೇವು ಬಿಟ್ಟು ಮಲಗಿ ಪೊರೆ ಕಳಚೋದಕ್ಕೆ ನಮ್ಮ ಕಡೆ ಜ್ವರ ಅಂತಲೇ ಹೇಳೋದು. ಜ್ವರ ಬಿಟ್ಟ ಹುಳು ಹಸಿದು ಎದ್ದು ಸರಸರ ಸದ್ದು ಮಾಡಿಕೊಂಡು ಮೇಯಬೇಕು. ವರಲಕ್ಷ್ಮಿ ತಟ್ಟೆ ತಟ್ಟೆಗೂ ಬಗ್ಗಿ ಕಿವಿ ಕೊಟ್ಟಳು. ಸದ್ದೇ ಇಲ್ಲ. ಒಂದು ಹುಳು ಉದ್ದಕ್ಕಿದ್ದರೆ ಪಕ್ಕದ್ದು ಅಕ್ಕಿಕಾಳಿನಷ್ಟು. ಮೈಮೇಲೆಲ್ಲ ಮೆಣಸಿನ ಪುಡಿ ಉದುರಿಸಿದಂಥ ಚುಕ್ಕೆ.

ದಿಬ್ಬೂರಹಳ್ಳಿಯಿಂದ ಇನ್ನೂ ಸ್ವಲ್ಪ ಒಳಗಿರುವ ಊರು ಅದು. 2008ನೇ ಇಸವಿಯ ಕೊನೆ, ಅವರೆಕಾಯಿ ಕಾಲ. ವರಲಕ್ಷ್ಮಿ ಗೌರಿಬಿದನೂರು ಕಡೆಯಿಂದ ಆ ಮನೆಗೆ ಸೊಸೆಯಾಗಿ ಬಂದು ವರ್ಷ ತುಂಬಿರಲಿಲ್ಲ. ಅತ್ತೆ ಯಶೋದಮ್ಮ ಹುಳುಮನೆ ಬಾಗಿಲಲ್ಲಿ ನಿಂತು ಕೇಳಿದಳು.

"ಹೊರಗಾದಾಗ ಒಳಕ್ಕೆ ಕಾಲಿಟ್ಟೆಯೇನೇ?"

"ಇಲ್ಲ ಅತ್ತೆ."

"ಹಂಗಾದ್ರೆ ಹುಳ ಸುಮ್ಸುಮ್ನೆ ಸಾಯ್ತಾವಾ? ಹೋದ ಬೆಳೆನೂ ಹಿಂಗೇ ಆಯ್ತು. ನೀನು ಬರೋಕೆ ಮುಂಚೆ ಈ ಮನೇಲಿ ಒಂದು ತಟ್ಟೆ ಹುಳ ಎಸೆದೋರಲ್ಲ ನಾವು."

ವರಲಕ್ಷ್ಮಿ ಗಂಡ ವೇಣುಗೋಪಾಲನ ಮುಖ ನೋಡಿದಳು. ಅವನು ಸೊಪ್ಪಿನ ಮೂಟೆ ನೋಡುತ್ತಿದ್ದ. ಸಾಯಂಕಾಲದೊಳಗೆ ತೀರ್ಮಾನ ಆಗಿಹೋಯಿತು. ಮುಂದಿನ ಬೆಳೆ ಮುಗಿಯೋ ತನಕ ಸೊಸೆ ತವರಲ್ಲಿರಲಿ.

ವರಲಕ್ಷ್ಮಿ ಅಳಲಿಲ್ಲ, ಯೋಚನೆ ಮಾಡಿದಳು. ತಾನಿಲ್ಲದಾಗ ಹುಳು ಚೆನ್ನಾಗಿ ಎದ್ದು ಗೂಡು ಕಟ್ಟಿದರೆ? ಕೆಡುಕು ತನ್ನಿಂದಲೇ ಅಂತ ಮುದ್ರೆ ಬೀಳುತ್ತೆ. ಆಮೇಲೆ ಕರೆಸಿಕೊಳ್ಳೋರು ಯಾರು? ಹುಳು ಯಾಕೆ ಸತ್ತವು ಅಂತ ತಿಳಿಯೋ ತನಕ ಹೊಸಿಲು ದಾಟಬಾರದು ಅಂತ ಗಟ್ಟಿ ಮಾಡಿಕೊಂಡಳು.

ಆದರೆ ಯಾರನ್ನು ಕೇಳೋದು? ಹುಳು ಸಾಕುವ ಊರಲ್ಲಿ ಒಂದು ಕಟ್ಟುಪಾಡು ಉಂಟು. ನಿಮ್ಮ ಹುಳು ಹೆಂಗಿವೆ ಅಂತ ಕೇಳಬಾರದು, ಕೇಳಿದರೂ ಹೇಳಬಾರದು. ಚೆನ್ನಾಗಿವೆ ಅಂದರೆ ದೃಷ್ಟಿಯಾಗುತ್ತೆ. ಕೆಟ್ಟವು ಅಂದರೆ ಮನೆ ಮರ್ಯಾದೆ ಹೋಗುತ್ತೆ. "ಏನೋ ಇದಾವೆ" ಅಂದು ಸೆರಗು ಕೊಡವಿಕೊಂಡು ಮುಂದಕ್ಕೆ ಹೋಗೋದೇ ಅಲ್ಲಿಯ ಪದ್ಧತಿ. ಸತ್ತ ಹುಳುವನ್ನು ನಾಲ್ಕು ಜನ ಏಳೋ ಮೊದಲೇ ತಿಪ್ಪೆಗೆ ಹಾಕಿ ಮುಚ್ಚಿಬಿಡ್ತಾರೆ.

ಆ ವಾರ ಮಹಿಳಾ ಸಂಘದ ಸಭೆ ಅನಸೂಯಮ್ಮನ ಜಗುಲಿ ಮೇಲೆ ನಡೆಯಿತು. ಅನಸೂಯಮ್ಮ ಸಂಘದ ಮುಂದಾಳು. ಚಿಂತಾಮಣಿ, ಚಿಕ್ಕಬಳ್ಳಾಪುರ ಅಂತ ತರಬೇತಿಗೆ ಹೋಗಿ ಬಂದು, ಕೇಳಿದ್ದನ್ನು ಊರಿಗೆ ಹೇಳೋ ಹೆಂಗಸು. ಉಳಿತಾಯದ ಮಾತು ಮುಗಿಯುತ್ತಲೂ ವರಲಕ್ಷ್ಮಿ ಎದ್ದು ನಿಂತಳು.

"ನಮ್ಮ ಹುಳ ಪೂರ್ತಿ ಹೋದ್ವು. ಮೈಮೇಲೆ ಮೆಣಸಿನ ಚುಕ್ಕೆ. ನಿಮ್ಮವು ಹೆಂಗಿದಾವೆ?"

ಒಬ್ಬೊಬ್ಬರೇ ಸೆರಗು ಕೊಡವಿಕೊಂಡು ಏಳೋಕೆ ನೋಡಿದರು.

"ಏನೋ ಇದಾವಮ್ಮ," ಅಂದಳು ಪೆದ್ದಮ್ಮ. ಅವಳು ಪಕ್ಕದ ಮನೆ ಆವುಲಪ್ಪನ ಹೆಂಡತಿ.

"ಏನೋ ಅಂದ್ರೆ ಏನು ಪೆದ್ದಮ್ಮಕ್ಕ? ಬದುಕಿದಾವಾ?"

"ಇದೇನೇ ಈ ಹುಡುಗಿ, ಒಳ್ಳೆ ಲಾಯರ್ ಥರ ಕೇಳ್ತಾಳಲ್ಲ!"

"ನನ್ನನ್ನ ತವರಿಗೆ ಅಟ್ತಾವ್ರೆ ಅಕ್ಕ. ನನ್ನ ಕಾಲ್ಗುಣಕ್ಕೆ ಹುಳ ಸತ್ತವಂತೆ. ನಿಮ್ಮನೇಲೂ ಸತ್ತಿದ್ರೆ, ಅಲ್ಲಿಗೆ ಯಾರ ಕಾಲ್ಗುಣ ಬಂದಿತ್ತು ಹೇಳಿ."

ಪೆದ್ದಮ್ಮ ನೆಲ ನೋಡಿದಳು. "ನಮ್ಮವೂ ಹೋದ್ವು ಕಣಮ್ಮ. ನಮ್ಮೆಜಮಾನ್ರು ತಿಪ್ಪೆಗೆ ಹಾಕಿ ಮೇಲೆ ಸೆಗಣಿ ಸುರಿದ್ರು."

ಅಲ್ಲಿಗೆ ಕಟ್ಟೆ ಒಡೆಯಿತು. ನಮ್ಮವೂ, ನಮ್ಮವೂ ಅಂತ ಒಬ್ಬೊಬ್ಬರೇ ಬಾಯಿಬಿಟ್ಟರು. ಎಲ್ಲರದೂ ಅದೇ ಚುಕ್ಕೆ. ಎಲ್ಲರೂ ಮೊಟ್ಟೆ ತಂದದ್ದು ಒಬ್ಬನೇ ಖಾಸಗಿ ವ್ಯಾಪಾರಿಯ ಹತ್ತಿರ.

"ಇದು ಗಂಟುರೋಗ," ಅಂದಳು ಅನಸೂಯಮ್ಮ. "ತಾಯಿ ಚಿಟ್ಟೆಯಿಂದ ಮೊಟ್ಟೆಗೆ ಇಳಿಯುತ್ತೆ. ಹೆಂಗಸಿನ ಮುಟ್ಟಿಂದ ಬರೋ ರೋಗ ಅಲ್ಲ. ವ್ಯಾಪಾರಿ ಮಾರೋ ಮೊಟ್ಟೆನ ರೇಷ್ಮೆ ಕಚೇರಿಲಿ ಪರೀಕ್ಷೆ ಮಾಡ್ತಾರೆ. ಅಲ್ಲಿಯೋರು ಏನು ಕಂಡ್ರು ಅಂತ ಕೇಳಣ, ಬನ್ನಿ."

ಈ ಮಾತನ್ನು ಅನಸೂಯಮ್ಮ, ವರಲಕ್ಷ್ಮಿ ಇಬ್ಬರೂ ಯಶೋದಮ್ಮನಿಗೆ ಹೇಳೋಕೆ ಹೋದರೆ, ಆಕೆ ಅವರೆಕಾಯಿ ಬಿಡಿಸುತ್ತಾ ತಲೆ ಎತ್ತಲೇ ಇಲ್ಲ.

"ಕಚೇರಿಯೋರು ನಮಗ್ಯಾಕೆ ಹೇಳ್ತಾರೆ? ಅವರೇನು ನಮ್ಮ ನೆಂಟರಾ?"

"ಕೇಳಿದ್ರೆ ಹೇಳಲೇಬೇಕು ಅಂತ ಪಾರ್ಲಿಮೆಂಟು ಕಾನೂನು ಮಾಡಿದೆ ಯಶೋದಕ್ಕ. ಮಾಹಿತಿ ಹಕ್ಕು."

"ಪಾರ್ಲಿಮೆಂಟಾ? ಟೀವೀಲಿ ನೋಡಿದೀನಿ ಬಿಡು. ಒಬ್ಬರು ಮಾತಾಡಿದ್ರೆ ನಾಲ್ಕು ಜನ ಕೂಗ್ತಾರೆ. ಆಮೇಲೆ ಎದ್ದು ಆಚೆಗೆ ಹೋಗ್ತಾರೆ. ಅವರಿಗೂ ನನ್ನ ಹುಳುಮನೆಗೂ ಏನು ಸಂಬಂಧ?"

ಅನಸೂಯಮ್ಮ ನಕ್ಕು, ತಾನೂ ಒಂದು ಹಿಡಿ ಅವರೆಕಾಯಿ ತಗೊಂಡು ಕೂತಳು.

"ಕೂಗಾಟ ಟೀವೀಲಿ ಕಾಣುತ್ತೆ, ಕೂತು ಮಾಡೋ ಕೆಲಸ ಕಾಣಲ್ಲ. ಈ ಕಾನೂನಿನ ಕರಡು ಮೊದಲು ಬಂದಾಗ ಕೇಂದ್ರ ಸರ್ಕಾರದ ಕಚೇರಿಗಳಿಗೆ ಮಾತ್ರ ಅಂತಿತ್ತು. ಅದನ್ನ ಪಾರ್ಲಿಮೆಂಟಿನ ಒಂದು ಸಮಿತಿಗೆ ಕೊಟ್ರು. ಬೇರೆ ಬೇರೆ ಪಕ್ಷದೋರು ಇರೋ ಸಮಿತಿ. ಮಾಹಿತಿ ಬೇಕು ಅಂತ ವರ್ಷಗಟ್ಟಲೆ ಹೋರಾಡಿದೋರ ಮಾತು ಅದು ಕೇಳ್ತು. ರಾಜ್ಯದ ಕಚೇರಿಗಳನ್ನೂ ಸೇರಿಸಿ ಅಂತು. ಸೇರಿಸಿ, ಎರಡೂ ಸದನ ಒಪ್ಪಿ, 2005ರಲ್ಲಿ ಕಾನೂನಾಯ್ತು. ನಮ್ಮ ರಾಜ್ಯದಲ್ಲಿ ಅದಕ್ಕೂ ಮುಂಚೆ ಒಂದು ಇತ್ತು. ಇದು ದೇಶಕ್ಕೆಲ್ಲ. ಕಾರಣ ಇಲ್ದೆ ಸತಾಯಿಸಿದ್ರೆ ಅಧಿಕಾರಿ ತನ್ನ ಕೈಯಿಂದ ದಂಡ ಕಟ್ಟಬೇಕು."

"ಕೈಯಿಂದಾನಾ?" ಯಶೋದಮ್ಮನ ಬೆರಳು ನಿಂತವು.

"ಹ್ಞೂ. ಕಾಲ ಹೆಂಗಾಗಿದೆ ನೋಡಿ. ಪಹಣಿ ಕಂಪ್ಯೂಟರಿಂದ ಬರುತ್ತೆ, ಗೂಡಿನ ರೇಟು ಫೋನಲ್ಲಿ ಗೊತ್ತಾಗುತ್ತೆ. ಮಿಷನ್ನು ಬಂದ ಮಾತ್ರಕ್ಕೆ ವಿಷಯ ನಮ್ಮ ಹತ್ತಿರ ಬರಲ್ಲ ಅಕ್ಕ. ಯಾವುದನ್ನ ಜನರಿಗೆ ಹೇಳಲೇಬೇಕು, ನಮ್ಮ ಮನೆಯೊಳಗಿನ ಯಾವುದನ್ನ ಬಯಲಿಗೆ ಹಾಕಬಾರದು ಅಂತ ಗೆರೆ ಎಳೆಯೋದು ಪಾರ್ಲಿಮೆಂಟು."

"ಪೋನೀಲೇ, ಆಗ್ಲಿ ಬಿಡು. ಕೇಳ್ಕೊಂಡು ಬನ್ನಿ ಹೋಗಿ."

"ನೀವೂ ಬರಬೇಕು ಅತ್ತೆ," ಅಂದಳು ವರಲಕ್ಷ್ಮಿ. "ಉತ್ತರ ನಿಮ್ಮ ಕಿವಿಗೇ ಬೀಳ್ಲಿ. ತಪ್ಪು ನಂದು ಅಂತ ಬಂದ್ರೆ ಅಲ್ಲಿಂದಲೇ ಗೌರಿಬಿದನೂರು ಬಸ್ಸು ಹತ್ತೀನಿ. ನಿಮ್ಮ ಮಗನಿಗೆ ಬಿಟ್ಟುಬರೋ ಕಷ್ಟಾನೂ ಬೇಡ."

ವೇಣುಗೋಪಾಲ ಬಾಗಿಲ ಹಿಂದೆ ಇದ್ದ. ಅವನ ಕಿವಿಗೂ ಬಿತ್ತು.

ಮೂವರೂ ಪೇಟೆಗೆ ಹೋದರು. ಕಚೇರಿಯ ಗುಮಾಸ್ತ ಮುಖ ಎತ್ತದೆ ಹೇಳಿದ, "ಪರೀಕ್ಷೆ ವಿಷಯ ಎಲ್ಲ ರೈತರಿಗೆ ಹೇಳಲ್ಲಮ್ಮ. ಸುಮ್ನೆ ಗಾಬರಿಯಾಗ್ತೀರ."

ವರಲಕ್ಷ್ಮಿ ಬಾಯಿ ತೆರೆಯೋ ಮೊದಲೇ ಯಶೋದಮ್ಮ ಮುಂದೆ ಬಂದಳು. ಮನೆಯಲ್ಲಿ ಸೊಸೆ ಮೇಲೆ ಏರಿಸುತ್ತಿದ್ದ ದನಿಯನ್ನೇ ಇಲ್ಲಿ ಏರಿಸಿದಳು.

"ಏನಪ್ಪಾ, ತಟ್ಟೆಗಟ್ಟಲೆ ಹುಳ ತಿಪ್ಪೆಗೆ ಹಾಕಿದಾಗ ಗಾಬರಿಯಾಗಲಿಲ್ವಾ ನಾವು? ನೀನು ಹೇಳಿದ್ರೆ ಮಾತ್ರ ಗಾಬರಿ ಆಗಿಬಿಡುತ್ತಾ?"

"ಅರ್ಜಿ ಬರ್ಕೊಂಡು ಬನ್ನಿ ಹಂಗಾದ್ರೆ."

"ನಂಗೆ ಬರೆಯೋಕೆ ಬರಲ್ಲ."

"ಬರೆಯೋಕೆ ಬರದೋರು ಬಾಯಲ್ಲಿ ಹೇಳಬಹುದು. ಅರ್ಜಿ ಬರೆಯೋಕೆ ಮಾಹಿತಿ ಅಧಿಕಾರಿ ನೆರವಾಗಬೇಕು. ಅದೂ ಕಾನೂನಲ್ಲೇ ಇದೆ," ಅಂದಳು ಅನಸೂಯಮ್ಮ.

ವರಲಕ್ಷ್ಮಿಗೆ ಬರೆಯೋಕೆ ಬರುತ್ತಿತ್ತು. ಆದರೂ ಅವಳು ಪೆನ್ನು ಮುಟ್ಟಲಿಲ್ಲ. ಅತ್ತೆ ಹೇಳಿದಳು, ಒಳಗಿಂದ ಬಂದ ಅಧಿಕಾರಿ ಬರೆದುಕೊಂಡರು. ಹತ್ತು ರೂಪಾಯಿ ಶುಲ್ಕ ಕಟ್ಟಿ ರಸೀದಿ ತಗೊಂಡರು.

ಉತ್ತರಕ್ಕೆ ತಿಂಗಳ ಗಡುವು. ಅಲ್ಲಿಯ ತನಕ ಸೊಸೆ ಎಲ್ಲಿಗೂ ಹೋಗಲ್ಲ ಅಂತ ಆಯಿತು. ಹುಳುಮನೆ ಬಾಗಿಲು ಮಾತ್ರ ಅವಳಿಗೆ ಮುಚ್ಚಿಯೇ ಇತ್ತು. ಖಾಲಿ ತಟ್ಟೆಗಳನ್ನು ತೊಳೆದು ಒಣಗಿಸಿ ಹೊಸಿಲಾಚೆ ಇಟ್ಟು ಬರುತ್ತಿದ್ದಳು.

ಗಡುವು ಮುಗಿಯೋ ಮುಂಚೆಯೇ ಕರೆ ಬಂತು. ಅಧಿಕಾರಿ ಎಲ್ಲರನ್ನೂ ಕೂರಿಸಿ ಉತ್ತರ ಓದಿ ಹೇಳಿದರು. ಎರಡು ಬೆಳೆಯ ಮೊಟ್ಟೆಯಲ್ಲೂ ಗಂಟುರೋಗ ಸಿಕ್ಕಿತ್ತು. ಮಾರಬೇಡ ಅಂತ ವ್ಯಾಪಾರಿಗೆ ತಿಳಿಸಿದ್ದರು. ಅವನು ಅಷ್ಟರಲ್ಲಿ ಮಾರಿಬಿಟ್ಟಿದ್ದ. ತಗೊಂಡ ರೈತರಿಗೆ ಹೇಳಬೇಕು ಅಂತ ಯಾರಿಗೂ ಹೊಳೆದಿರಲಿಲ್ಲ.

"ಅಂದ್ರೆ ನಮ್ಮ ಮನೆ ಹೆಣ್ಣುಮಗಳಿಂದ ಏನೂ ಆಗಿಲ್ಲ?" ಯಶೋದಮ್ಮ ಕೇಳಿದಳು.

ಅಧಿಕಾರಿಗೆ ಅರ್ಥವಾಗಲಿಲ್ಲ. "ಮೊಟ್ಟೇಲೇ ರೋಗ ಇತ್ತಮ್ಮ. ಯಾರು ಸಾಕಿದ್ರೂ ಸಾಯ್ತಿದ್ವು."

ಗೆದ್ದೆ ಅಂತ ವರಲಕ್ಷ್ಮಿ ಎದ್ದು ಬರಲಿಲ್ಲ. "ಇನ್ನು ಮೇಲೆ ಪರೀಕ್ಷೆಯಲ್ಲಿ ಏನು ಬಂತು ಅಂತ ಕನ್ನಡದಲ್ಲಿ ಬೋರ್ಡಿಗೆ ಹಾಕಿ ಸಾರ್. ಜನ ಬಂದು ಕೇಳೋ ತನಕ ಕಾಯಬೇಡಿ, ನೀವೇ ಹೇಳಿ ಅಂತಾನೂ ಕಾನೂನು ಹೇಳುತ್ತೆ," ಅಂದಳು. ಬೋರ್ಡು ಬರೋಕೆ ಇನ್ನೂ ಎರಡು ಸಲ ಹೋಗಿ ಕೇಳಬೇಕಾಯಿತು. ಕೇಳಿದಳು, ಬಂತು.

ಬಸ್ಸಿನಲ್ಲಿ ಯಶೋದಮ್ಮ ಸೊಸೆಯ ಪಕ್ಕಕ್ಕೇ ಬಂದು ಕೂತಳು. "ಎರಡು ಬೆಳೆ ಪಾಪ ನಿನ್ನ ತಲೆಗೆ ಕಟ್ಟಿದ್ನಲ್ಲೇ."

"ಮುಂದಿನ ಬೆಳೆ ಕೆಲಸಾನೂ ಕಟ್ಟಿ ಅತ್ತೆ. ಪರೀಕ್ಷೆ ನೋಡಿ ಮೊಟ್ಟೆ ನಾನೇ ತರ್ತೀನಿ. ಯಾವ ದಿನ ಆದ್ರೂ ಸರಿ, ಹುಳುಮನೆ ಒಳಕ್ಕೂ ಬರ್ತೀನಿ."

"ಕೈಕಾಲು ತೊಳ್ಕೊಂಡು ಬಾ."

"ನಿಮ್ಮ ಮಗನೂ ತೊಳ್ಕೊಂಡು ಬರ್ಲಿ."

ಯಶೋದಮ್ಮ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು.

ಬೇಸಿಗೆಯಲ್ಲಿ ಲೋಕಸಭೆ ಚುನಾವಣೆ ಬಂತು. ಓಟು ಕೇಳೋರು ಜಗುಲಿಗೆ ಬಂದು ರಸ್ತೆ, ನೀರು ಅಂತ ಶುರು ಮಾಡಿದರು. ಯಶೋದಮ್ಮ ಕೈ ಅಡ್ಡ ಹಿಡಿದಳು.

"ಅದು ಆಮೇಲೆ. ನಿಮ್ಮೋರು ಗೆದ್ದು ಡೆಲ್ಲಿಗೆ ಹೋದ್ರೆ ಆ ಮಾಹಿತಿ ಹಕ್ಕಿನ ಕಾನೂನು ಕಾಯ್ತಾರೋ, ಕತ್ತರಿ ಹಾಕ್ತಾರೋ? ಕೇಳ್ಕೊಂಡು ಬಂದು ಹೇಳ್ರಪ್ಪ. ಓಟು ಆಮೇಲೆ ಮಾತಾಡಣ."

ಇದನ್ನು ಓದುತ್ತಿರುವ, ಓದಿಸಿಕೊಂಡು ಕೇಳುತ್ತಿರುವ ಅಕ್ಕಂದಿರೇ, ಅಣ್ಣಂದಿರೇ. ಬೆಳೆ ಹೋದದ್ದಕ್ಕೋ, ಪಡಿತರ ಬಾರದ್ದಕ್ಕೋ, ಬೋರ್‌ವೆಲ್ ರಿಪೇರಿ ನಿಂತದ್ದಕ್ಕೋ ಕಾರಣ ಯಾವುದೋ ಕಚೇರಿಯಲ್ಲಿ ಯಾರಿಗೋ ಗೊತ್ತಿರುತ್ತೆ. ಹೋಗಿ ಕೇಳಿ. ಬರೆಯೋಕೆ ಬಾರದಿದ್ದರೆ ಬಾಯಲ್ಲಿ ಹೇಳಿ. ಬಡತನದ ರೇಖೆಗಿಂತ ಕೆಳಗಿರೋರಿಗೆ ಶುಲ್ಕವೂ ಇಲ್ಲ. ನಿಮ್ಮ ಓಟಿನಿಂದ ಒಳಗೆ ಹೋದವರು ನಿಮಗೋಸ್ಕರ ಮಾಡಿದ ಕಾನೂನು ಇದು. ಅವರು ಮತ್ತೆ ಬಂದಾಗ, ನಮಗೆ ವಿಷಯ ತಿಳಿಯೋ ಹಾಗೆ ಅಲ್ಲಿ ಏನು ಮಾತಾಡಿದಿರಿ ಅಂತ ಎದುರಿಗೇ ಕೇಳಿ. ಮನೆಯಲ್ಲಿ ಕೈಗೆ ಸಿಗೋ ಹೆಣ್ಣಿನ ಮೇಲೆ ತಪ್ಪು ಹೊರಿಸೋಕೆ ಮುಂಚೆ, ಉತ್ತರ ಕೊಡಬೇಕಾದವರ ಬಾಗಿಲು ತಟ್ಟಿ.