ನಲವತ್ತು ಎಡಗಾಲು

"ಎಲ್ಲಿ, ಊದು," ಅಂದಳು ಮಗಳು.

ಮಧ್ಯಾಹ್ನ ಎರಡೂವರೆ. ಅಂಚೆ ಕಚೇರಿಯ ಪಾಳಿ ಮುಗಿಸಿ ಬಂದವಳು ಹೆಗಲ ಚೀಲವನ್ನೂ ಇಳಿಸದೆ ಬಾಗಿಲಲ್ಲೇ ನಿಂತಿದ್ದಳು. ಕಾಜಮ್ಮ ಕಿಟಕಿ ಪಕ್ಕದ ಕುರ್ಚಿಯಿಂದ ಏಳಲು ಹೋಗಿ, ಅರ್ಧ ಎದ್ದು, ನೆಲ ತನ್ನ ಕಡೆಗೆ ಬಂದಂತಾಗಿ ಮತ್ತೆ ಕುಳಿತಿದ್ದಳು. ತೊಡೆಯ ಮೇಲೆ ಒಂದು ಬಿಳಿ ಅಂಗಿ. ಗುಂಡಿ ತೂರಿಸುವ ಕಿಂಡಿಗೆ ದರ್ಜಿಗಳು ಕಾಜಾ ಅನ್ನುತ್ತಾರೆ. ಐವತ್ತು ವರ್ಷ ಕೈಯಲ್ಲೇ ಕಾಜಾ ಹೊಲಿದು ಹೊಲಿದು ಅವಳ ಸ್ವಂತ ಹೆಸರು ಮಾಯವಾಗಿ ಕಾಜಮ್ಮ ಅನ್ನುವುದೇ ಉಳಿದಿತ್ತು. ಆ ದಿನ ಅವಳು ಅಂಗಿಯ ಎರಡೂ ಅಂಚಿಗೆ ಕಾಜಾ ಹಾಕಿಟ್ಟಿದ್ದಳು. ಆ ಕಡೆ ಆರು ಕಿಂಡಿ, ಈ ಕಡೆ ಆರು ಕಿಂಡಿ. ಗುಂಡಿ ಕೂರಿಸಲು ಜಾಗವೇ ಇಲ್ಲ.

"ಊದು ಅಂದ್ನಲ್ಲ."

"ನಾನು ಕುಡಿದಿಲ್ಲ ಕಣೇ," ಅಂದಳು ಕಾಜಮ್ಮ.

ಅಂದ ಮೇಲೆ ಅವಳಿಗೆ ಮೈ ಜುಮ್ಮೆಂದಿತು. ಮಾತು ತನ್ನದು, ಬಾಯಿ ತನ್ನದು. ಆದರೆ ಇದೇ ಮಾತನ್ನು, 'ಕಣೇ' ಅನ್ನುವಲ್ಲಿ ಹೀಗೇ ಎಳೆದು, ಇದೇ ಮನೆಯಲ್ಲಿ ಬೇರೊಬ್ಬರು ಹೇಳಿದ್ದರು. ಆಗ ಬಾಗಿಲಲ್ಲಿ ನಿಂತು ಊದಿಸುತ್ತಿದ್ದವಳು ಕಾಜಮ್ಮ. ಮೂವತ್ತಾರು ವರ್ಷವಾಗಿತ್ತು.

ಮಗಳು ಬಗ್ಗಿ ಮೂಸಿದಳು. ಕೊಳೆತ ಬಾಳೆಹಣ್ಣಿನಂಥ, ಹುಳಿಬಂದ ಹಿಟ್ಟಿನಂಥ ವಾಸನೆ. ಮನೆಯೆಲ್ಲ ಜಾಲಾಡಿದಳು. ಹಾಸಿಗೆಯಡಿ ನೋಡಿದಳು, ಅಕ್ಕಿ ಡಬ್ಬದೊಳಗೆ ಕೈ ಹಾಕಿದಳು, ಗುಂಡಿ ಡಬ್ಬಿಯನ್ನೂ ಬಿಡದೆ ಕುಲುಕಿ ನೋಡಿದಳು. ಸಿಕ್ಕಿದ್ದು ಅರ್ಧ ಬಾಟಲಿ ಕೆಮ್ಮಿನ ಔಷಧಿ, ಅದೂ ಎರಡು ವರ್ಷ ಹಳೆಯದು.

"ಎಪ್ಪತ್ತಕ್ಕೆ ಶುರು ಮಾಡ್ಕೊಂಡ್ಯಾ? ಜನ ಏನಂತಾರೆ? ಗಂಡ ಹೋದ ದಾರೀಲಿ ಹೆಂಡತಿ ಅಂತಾರೆ."

"ಹೊಟ್ಟೆ ಊದ್ಕೊಂಡಿದೆ, ತಲೆ ಮಂಜು ಕವಿದ ಹಾಗಿದೆ. ಅಷ್ಟೇ. ನೀನು ನಂಬಿದ್ರೆ ನಂಬು."

ನಂಬಲಿಲ್ಲ. ಕಾಜಮ್ಮ ಹೆತ್ತ ಮಗಳಲ್ಲವೇ, ನಂಬುವುದೆಲ್ಲಿಂದ ಬರಬೇಕು.

ಕಾಜಮ್ಮನ ಗಂಡ ಕೆಳಗಿನ ದರ್ಜಿ ಅಂಗಡಿಯಲ್ಲಿ ಕಟಿಂಗ್ ಮಾಸ್ತರರಾಗಿದ್ದರು. ಅಂಥ ಕೈ ಆ ಬೀದಿಯಲ್ಲಿ ಇನ್ನೊಂದಿರಲಿಲ್ಲ. ಕತ್ತರಿ ಹಿಡಿದರೆ ನೀರಿನಲ್ಲಿ ಮೀನು ಹೋದಂತೆ ಹೋಗುತ್ತಿತ್ತು. ಒಮ್ಮೆ ಅಂಗೈಗೆ ಕತ್ತರಿ ಹೊಕ್ಕು ಕೀವಾಗಿ, ಮೂರು ತಿಂಗಳು ಸೂಜಿ, ಮಾತ್ರೆ ಅಂತ ನಡೆಯಿತು. ಗಾಯ ಮಾಯಿತು, ಮನುಷ್ಯ ಮಾತ್ರ ಮೊದಲಿನಂತಾಗಲಿಲ್ಲ. ಬೆಳಿಗ್ಗೆ ಚೆನ್ನಾಗಿರುತ್ತಿದ್ದರು. ಮಧ್ಯಾಹ್ನ ಬ್ರೆಡ್ಡಿಗೆ ಜಾಮು ಸವರಿಕೊಂಡು ತಿಂದು, ಎರಡು ಲೋಟ ಸಿಹಿ ಚಹಾ ಕುಡಿದರೋ, ಕಣ್ಣು ಕೆಂಪಾಗಿ ನಾಲಿಗೆ ತೊಡರುತ್ತಿತ್ತು.

ಬಟ್ಟೆಯನ್ನು ಪದರ ಪದರವಾಗಿ ಹಾಸಿ, ಮೇಲೆ ರಟ್ಟಿನ ಅಳತೆಯಿಟ್ಟು, ಸೀಮೆಸುಣ್ಣದಲ್ಲಿ ಗೆರೆ ಎಳೆದು ಕತ್ತರಿಸುವುದು ಅವರ ಕೆಲಸ. ಅರ್ಧ ಆದ ಮೇಲೆ ರಟ್ಟನ್ನು ಮಗುಚಿ ಹಾಕಬೇಕು. ಮಗುಚದಿದ್ದರೆ ಬಲಗಾಲು ಹುಟ್ಟುವುದಿಲ್ಲ. ಕಾವಲುಗಾರರ ಇಪ್ಪತ್ತು ಪ್ಯಾಂಟು ಕತ್ತರಿಸುವ ದಿನ ಮಾಸ್ತರರು ರಟ್ಟು ಮಗುಚುವುದನ್ನು ಮರೆತರು. ಸಂಜೆ ಎಣಿಸಿ ನೋಡಿದರೆ ನಲವತ್ತೂ ಎಡಗಾಲೇ.

"ಒಂಟಿಕಾಲಿನವರ ಪಡೆ ಕಟ್ಟೋಣ ಬಿಡಿ ಮಾಸ್ತರೇ," ಅಂದ ಅಂಗಡಿ ಯಜಮಾನ, ಎಲ್ಲರ ಎದುರಿಗೆ. ಜನ ಹೊಟ್ಟೆ ಹಿಡಿದು ನಕ್ಕರು. ಮಾರನೆಯ ದಿನದಿಂದ ಕತ್ತರಿ ಬೇರೆಯವರ ಕೈಗೆ ಹೋಯಿತು.

ಅಂದಿನಿಂದ ಕಾಜಮ್ಮ ಬಾಗಿಲಲ್ಲಿ ನಿಲ್ಲತೊಡಗಿದಳು. "ಎಲ್ಲಿ, ಊದಿ."

"ಕುಡಿದಿಲ್ಲ ಕಣೇ. ಹೊಟ್ಟೆ ಊದ್ಕೊಂಡಿದೆ, ಅದೇ..."

"ಹೊಟ್ಟೆ ಆಮೇಲೆ ಊದಲಿ, ಮೊದಲು ಬಾಯಿ ಊದಿ."

ಆ ಮಾತಿನ ಚಮತ್ಕಾರಕ್ಕೆ ಆಗ ಅವಳಿಗೇ ಹೆಮ್ಮೆಯಾಗಿತ್ತು. ಅಕ್ಕಪಕ್ಕದವರಿಗೂ ಹೇಳಿ ನಗಿಸಿದ್ದಳು.

ಮಗಳು ಕರೆದುಕೊಂಡು ಹೋದ ಆಸ್ಪತ್ರೆಯ ಡಾಕ್ಟರು ಹೆಂಗಸು. ಮಗಳ ವಯಸ್ಸು, ಅವಸರವಿಲ್ಲದ ಕಣ್ಣು. ಮಗಳು "ಅಮ್ಮ ಕದ್ದು ಕುಡೀತಿದಾಳೆ ಡಾಕ್ಟ್ರೇ, ಬಿಡಿಸಿ," ಅಂದಾಗ ಆಕೆ ಹೌದೂ ಅನ್ನಲಿಲ್ಲ, ಇಲ್ಲವೂ ಅನ್ನಲಿಲ್ಲ. ಕಾಜಮ್ಮನ ನಾಲಿಗೆಯ ಮೇಲಿನ ಬಿಳಿ ಲೇಪ ನೋಡಿದರು, ಹೊಟ್ಟೆ ತಟ್ಟಿ ಕೇಳಿದರು.

"ನಾಳೆ ಬರೀ ಹೊಟ್ಟೇಲಿ ಬನ್ನಿ ಅಜ್ಜಿ. ಇಡೀ ದಿನ ನಮ್ಮ ಕಣ್ಣೆದುರಿಗೇ ಕೂತಿರಬೇಕು."

ಮಾರನೆಯ ದಿನ ಒಂದು ಚಿಕ್ಕ ಕೋಣೆ, ಎರಡು ಕುರ್ಚಿ, ಕಾವಲಿಗೆ ಒಬ್ಬಳು ನರ್ಸು. ಕಾಜಮ್ಮ ಬಚ್ಚಲಿಗೆ ಹೋದರೆ ಅವಳೂ ಬಂದು ಬಾಗಿಲ ಹೊರಗೆ ನಿಲ್ಲುವಳು. ಮೊದಲು ಒಂದು ಯಂತ್ರದ ಕೊಳವೆಗೆ ಊದಿಸಿದರು. ಸೊನ್ನೆ ಬಂತು. ಆಮೇಲೆ ದೊಡ್ಡ ಲೋಟದಲ್ಲಿ ಸಕ್ಕರೆ ನೀರು ಕುಡಿಸಿ, ಅರ್ಧರ್ಧ ಗಂಟೆಗೆ ಊದಿಸುತ್ತಾ, ನಡುನಡುವೆ ರಕ್ತ ತೆಗೆಯುತ್ತಾ ಹೋದರು. ಹನ್ನೊಂದಕ್ಕೆ ಯಂತ್ರದಲ್ಲಿ ಅಂಕಿ ಮೂಡಿತು. ಹನ್ನೆರಡಕ್ಕೆ ಏರಿತು. ಒಂದು ಗಂಟೆಗೆ ಕಾಜಮ್ಮ ಕಾರಣವಿಲ್ಲದೆ ನಕ್ಕಳು. ಆಮೇಲೆ ಕಾರಣವಿಲ್ಲದೆ ಅತ್ತಳು.

ಫಲಿತಾಂಶ ಹೇಳುವ ದಿನ ಮಗಳು ಹಣ ಕಟ್ಟುವ ಸಾಲಿನಲ್ಲಿ ನಿಂತಿದ್ದಳು. ಒಳಗೆ ಡಾಕ್ಟರು ಮತ್ತು ಕಾಜಮ್ಮ ಇಬ್ಬರೇ.

"ನೀವು ಕುಡಿದಿಲ್ಲ ಅಜ್ಜಿ. ನಿಮ್ಮ ಕರುಳೇ ಭಟ್ಟಿ ಇಳಿಸ್ತಿದೆ. ಬ್ರೆಡ್ಡು ಉಬ್ಬಿಸೋಕೆ ಹಾಕ್ತಾರಲ್ಲ ಈಸ್ಟು, ಆ ಜಾತಿಯದ್ದೇ ಒಂದು ಸೂಕ್ಷ್ಮ ಜೀವಿ. ಎಲ್ಲರ ಹೊಟ್ಟೇಲೂ ಸ್ವಲ್ಪ ಇರುತ್ತೆ. ನಿಮ್ಮಲ್ಲಿ ಅಳತೆ ಮೀರಿ ಬೆಳೆದಿದೆ. ನೀವು ತಿಂದ ಸಕ್ಕರೆ, ಅನ್ನ, ಬ್ರೆಡ್ಡನ್ನೆಲ್ಲ ಅದು ಹೆಂಡ ಮಾಡ್ತಿದೆ. ತೀರಾ ಅಪರೂಪ ಇದು, ಆದ್ರೆ ಇದೆ. ಹೋದ ವರ್ಷ ಕಾಲಿನ ಹುಣ್ಣಿಗೆ ಬಹಳ ದಿನ ಮಾತ್ರೆ ತಗೊಂಡ್ರಲ್ಲ? ಅದು ಒಳ್ಳೆ ಕ್ರಿಮಿಗಳನ್ನೂ ಸಾಯಿಸಿಬಿಡುತ್ತೆ. ಖಾಲಿ ಮನೇಲಿ ಇವು ಬಿಡಾರ ಹೂಡ್ತವೆ. ಊಟ ಆದ್ಮೇಲೆ ಜಾಸ್ತಿನಾ?"

"ಹೂಂ. ಬೆಳಿಗ್ಗೆ ಸರಿಯಾಗಿರ್ತಿದ್ರು."

"ಇರ್ತಿದ್ರು?"

ಕಾಜಮ್ಮ ಬಾಯಿ ಮುಚ್ಚಿದಳು. ಮುಚ್ಚಿದ್ದು ತಾನಾಗಿ ತೆರೆಯಿತು. ಅಂಗೈ ಗಾಯ, ಮೂರು ತಿಂಗಳ ಸೂಜಿ, ಬ್ರೆಡ್ಡು ಜಾಮು, ನಲವತ್ತು ಎಡಗಾಲು ಎಲ್ಲ ಹೇಳಿದಳು. ಡಾಕ್ಟರು ಪೆನ್ನು ಕೆಳಗಿಟ್ಟು ಕೇಳಿದರು.

"ಅವರಿಗೂ ಇದೇ ಇತ್ತಾ ಡಾಕ್ಟ್ರಮ್ಮ?"

"ಈಗ ಹೇಳಕ್ಕಾಗಲ್ಲ ಅಜ್ಜಿ. ಇಲ್ಲದವರ ಹೊಟ್ಟೆ ನಾನು ಹೇಗೆ ನೋಡ್ಲಿ? ಆಗಿರಬಹುದು. ಆಗಿಲ್ಲದೆಯೂ ಇರಬಹುದು." ಆಕೆ ಚೀಟಿ ಎಳೆದುಕೊಂಡರು. "ನಿಮ್ಮದು ನೋಡೋಣ. ಮೂರು ವಾರ ಈ ಮಾತ್ರೆ. ದಿನಕ್ಕೊಂದು ಕ್ಯಾಪ್ಸೂಲು, ಇದರಲ್ಲಿ ಒಳ್ಳೆ ಕ್ರಿಮಿಗಳಿರ್ತವೆ. ಎಲ್ಲರಿಗೂ ಒಂದೇ ಥರ ಕೆಲಸ ಮಾಡಲ್ಲ, ನೋಡೋಣ. ಸಕ್ಕರೆ, ಜಾಮು, ಬ್ರೆಡ್ಡು, ಅನ್ನ, ಹಣ್ಣಿನ ರಸ ಎಲ್ಲಾ ಬಂದ್."

"ಮತ್ತೆ ಬದುಕೋದು ಗಾಳಿ ಕುಡಿದಾ?"

"ಸೊಪ್ಪು, ತರಕಾರಿ, ಸಕ್ಕರೆ ಹಾಕದ ಮೊಸರು. ಮುಖ್ಯವಾಗಿ ಮೊಟ್ಟೆ. ದಿನಾ ಬೇಯಿಸಿದ ಮೊಟ್ಟೆ ತಿನ್ನಿ."

ಕಾಜಮ್ಮ ಮೇಜಿನ ಅಂಚು ಹಿಡಿದುಕೊಂಡಳು.

ಕೆಲಸ ಹೋದ ಮೇಲೆ ಮಾಸ್ತರರು ಊಟ ಬಿಟ್ಟಿದ್ದರು. ಬೇರೆ ಕೆಲಸ ಹುಡುಕಲು ಹೋಗುವಾಗ ಕಟ್ಟಿಕೊಟ್ಟ ಡಬ್ಬಿ ಹೋದ ಹಾಗೇ ವಾಪಸು ಬರುತ್ತಿತ್ತು. ಕುಡುಕರಿಗೆಲ್ಲಿ ಹಸಿವು ಅಂದುಕೊಂಡಿದ್ದಳು. ಒಂದು ದಿನ ಅವರು ಅಡುಗೆಮನೆಯ ಹೊಸ್ತಿಲಲ್ಲಿ ನಿಂತು, ದೊಡ್ಡ ಗುಟ್ಟು ಹೇಳುವವರ ಹಾಗೆ ದನಿ ತಗ್ಗಿಸಿ ಹೇಳಿದ್ದರು: "ನೋಡು, ಬ್ರೆಡ್ಡು ತಿಂದ್ರೇ ಹೀಗಾಗೋದು ಅನ್ಸುತ್ತೆ. ಮೂರು ದಿನ ಬರೀ ಮೊಟ್ಟೆ ತಿಂದೆ, ಏನೂ ಆಗ್ಲಿಲ್ಲ. ನನಗೆ ದಿನಾ ನಾಲ್ಕು ಮೊಟ್ಟೆ ಬೇಯಿಸಿಕೊಡ್ತೀಯಾ?"

ಅದಕ್ಕೆ ಅವಳಂದಿದ್ದಳು: "ಬೇಯಿಸಿದ ಮೊಟ್ಟೆ ಯಾರಿಗೆ ಬೇಕಾಗುತ್ತೆ ಅಂತ ನನಗೆ ಗೊತ್ತಿಲ್ವಾ? ಹೆಂಡ ನಿಮ್ಮದು, ನಂಚಿಕೊಳ್ಳೋಕೆ ನಾನು ಬೇಯಿಸಬೇಕಾ?"

ಅವರು ಮತ್ತೆ ಕೇಳಲಿಲ್ಲ. ಒಂದು ವಾರ ಕಳೆದ ಮೇಲೆ ಕಾಜಮ್ಮ ಬಾಗಿಲು ಹಾಕಿ ಒಳಗೆ ಕೂತು, ಒಂಬತ್ತು ವರ್ಷದ ಮಗಳನ್ನು ಹೊರಗೆ ಕಳಿಸಿದ್ದಳು. ಮಗು ಅಪ್ಪನಿಗೆ ಗಟ್ಟಿ ದನಿಯಲ್ಲಿ ಹೇಳಿತ್ತು: "ಅಮ್ಮ ಒಳಗೆ ಬರಬೇಡಿ ಅಂದಿದಾಳೆ. ನಾನೂ ಅಂತೀನಿ." ಆ ಎರಡನೆಯ ಮಾತು ತಾನು ಹೇಳಿಕೊಟ್ಟದ್ದಲ್ಲ. ಮಗು ತಾನೇ ಸೇರಿಸಿದ್ದು. ಅದು ಒಳಗೆ ಬಂದಾಗ ಕಾಜಮ್ಮ ಭೇಷ್ ಅಂದು ಬೆನ್ನು ತಟ್ಟಿದ್ದಳು. ಮಾಸ್ತರರು ಬಟ್ಟೆ ಗೋದಾಮಿನ ಹಿಂದಿನ ಕೋಣೆಯೊಂದನ್ನು ಸೇರಿಕೊಂಡರು. ಚಳಿ ಮುಗಿಯುವ ಮೊದಲೇ, ಒಂದು ಮಧ್ಯಾಹ್ನ, ಗೋದಾಮಿನ ಮೆಟ್ಟಿಲಿಂದ ಉರುಳಿ ಬಿದ್ದು ತೀರಿಕೊಂಡರು. ಕುಡಿದು ಬಿದ್ದ ಅಂದರು ಜನ. ಅವಳೂ ಅಂದಳು. ಇದ್ದ ಎರಡು ಫೋಟೋವನ್ನೂ ಒಲೆಗೆ ಹಾಕಿದಳು.

ಮನೆಯಲ್ಲಿ ಮಗಳು ಜೈಲರಾದಳು. ಜಾಮಿನ ಬಾಟಲಿ, ಸಕ್ಕರೆ ಡಬ್ಬ ಪಕ್ಕದ ಮನೆಗೆ ಹೋದವು. ಅವಳಿಗೆ ಯಾರೋ ಹೇಳಿದರಂತೆ, ಕರುಳು ತೊಳೆಯುವ ಪುಡಿ ಅಂತ ದೊಡ್ಡ ಡಬ್ಬಿಯೊಂದನ್ನು ತಂದಳು. ಆಸ್ಪತ್ರೆಗೆ ಒಯ್ದು ತೋರಿಸಿದಾಗ ಡಾಕ್ಟರು ಅದನ್ನು ತಿರುಗಿಸಿ ಸಣ್ಣಕ್ಷರ ಓದಿ, "ಇದರಲ್ಲಿ ಮೊದಲನೇ ಹೆಸರೇ ಸಕ್ಕರೆ. ಕಳ್ಳನಿಗೆ ಬೀಗದ ಕೈ ಕೊಟ್ಟ ಹಾಗೆ," ಅಂದು ಪಕ್ಕಕ್ಕಿಟ್ಟರು. ಮೊದಲ ವಾರ ಕಾಜಮ್ಮನಿಗೆ ತಲೆ ಸಿಡಿಯಿತು, ಸಿಹಿಗಾಗಿ ಬಾಯಿ ಚಡಪಡಿಸಿತು. ಚಹಾ ಲೋಟದ ತಳವನ್ನು ಬೆರಳಲ್ಲಿ ಸವರಿ ನೆಕ್ಕಿ, ಸಿಹಿ ಸಿಗದೆ ಬೈದುಕೊಂಡಳು. ಎರಡನೆಯ ವಾರ ಹೊಟ್ಟೆ ಇಳಿಯಿತು. ಮೂರನೆಯ ವಾರ ಸೂಜಿಗೆ ಒಂದೇ ಸಲಕ್ಕೆ ದಾರ ಪೋಣಿಸಿದಳು.

ತಲೆ ತಿಳಿಯಾದಷ್ಟೂ ಮಾಸ್ತರರು ಹತ್ತಿರ ಬಂದರು. ಬಂದರು ಅಂದರೆ ಕಣ್ಣಿಗೆ ಕಂಡರು ಅಂತಲ್ಲ. ಮಧ್ಯಾಹ್ನ ಎರಡೂವರೆಗೆ ಸರಿಯಾಗಿ ಕಾಜಮ್ಮನ ಕೈ ಸೂಜಿಯ ಮೇಲೆ ನಿಲ್ಲುವುದು. ಬಾಗಿಲಾಚೆ ಯಾರೋ ಉಸಿರು ಹಿಡಿದು, ಒಳಗೆ ಬರಲೋ ಬೇಡವೋ ಅಂತ ನಿಂತಂತೆ ಅನಿಸುವುದು. ಎರಡು ಸಲ ಎದ್ದು ಹೋಗಿ ತೆರೆದಳು. ಖಾಲಿ ಮೊಗಸಾಲೆ, ಯಾರದೋ ಮನೆಯ ಒದ್ದೆ ಬಟ್ಟೆ. ಮೂರನೆಯ ಸಲ ತೆರೆಯಲಿಲ್ಲ. ಕುಳಿತಲ್ಲಿಂದಲೇ "ಬನ್ನಿ ಒಳಗೆ," ಅಂದಳು. ಆಮೇಲೆ ಬಾಗಿಲ ಕಡೆ ನೋಡಲಿಕ್ಕೆ ಧೈರ್ಯ ಸಾಲಲಿಲ್ಲ.

ಇನ್ನು ಮಗಳಿಗೆ ಹೇಳುವ ವಿಷಯ. ಅದು ಗಂಟಲಲ್ಲಿ ಮೀನಿನ ಮುಳ್ಳಾಗಿತ್ತು. ನುಂಗಿದರೂ ನೋವು, ಕಕ್ಕಿದರೂ ನೋವು. ಹೇಳದೆ ಹೋದರೆ ಆ ಮನುಷ್ಯ ಇನ್ನೂ ಕುಡುಕನಾಗಿಯೇ ಉಳಿಯುತ್ತಾನೆ. ಹೇಳಿದರೆ 'ನಾನೂ ಅಂತೀನಿ' ಅಂದ ಮಗುವಿಗೆ ಏನಾದೀತು? ತಾನಾದರೆ ಇನ್ನೆಷ್ಟು ದಿನ? ಮಗಳಿಗೆ ಆಯುಸ್ಸಿದೆ, ಹೊರಬೇಕಾದ್ದು ಅಷ್ಟೂ ವರ್ಷ.

ಮಗಳೇ ಬಾಯಿ ತೆಗೆಸಿದಳು. ರಜೆಯ ದಿನ ಬೆಳಿಗ್ಗೆ, ಅಡುಗೆಮನೆಯಲ್ಲಿ ಬಿಸಿ ಮೊಟ್ಟೆಯ ಸಿಪ್ಪೆ ಸುಲಿಯುತ್ತಾ ಹಗುರಾಗಿ ಅಂದಳು: "ಸದ್ಯ, ಕಾಯಿಲೆ ಅಂತ ಗೊತ್ತಾಯ್ತಲ್ಲ. ಎಲ್ಲಿ ನೀನೂ ಆ ಮನುಷ್ಯನ ಥರ ಆಗ್ಬಿಟ್ಯೋ ಅಂತ ನನ್ನ ಎದೆ ಒಡೆದು ಹೋಗಿತ್ತು."

"ನಿಮ್ಮಪ್ಪ ಕುಡೀತಿರ್ಲಿಲ್ಲ ಕಣೇ."

ಸುಲಿಯುವ ಕೈ ನಿಲ್ಲಲಿಲ್ಲ. "ಡಾಕ್ಟ್ರು ಹೇಳಿದ್ರಾ?"

"ಆಗಿರಬಹುದು ಅಂದ್ರು."

"ಅಂದ್ರೆ ಆಗಿಲ್ಲದೆಯೂ ಇರಬಹುದು."

"ಇರಬಹುದು. ಆದ್ರೆ ಅವರು ಮೊಟ್ಟೆ ಕೇಳಿದ್ರು ಕಣೇ. ಬ್ರೆಡ್ಡು ಬೇಡ, ಮೊಟ್ಟೆ ಬೇಯಿಸಿಕೊಡು ಅಂತ ಕೇಳಿದ್ರು. ನಾನು ಕೊಡ್ಲಿಲ್ಲ."

ಮಗಳು ಸುಲಿದ ಮೊಟ್ಟೆಯನ್ನು ತಟ್ಟೆಯಲ್ಲಿಟ್ಟಳು. ಇನ್ನೊಂದನ್ನು ತೆಗೆದುಕೊಂಡಳು. ಅದನ್ನು ಸುಲಿಯಲಿಲ್ಲ. ಬಿಸಿಯಿದ್ದರೂ ಮುಷ್ಟಿಯಲ್ಲೇ ಹಿಡಿದುಕೊಂಡಳು.

"ಯಾಕೆ ಹೇಳ್ದೆ ಈಗ?" ದನಿ ಏರಿತು. "ಮೂವತ್ತಾರು ವರ್ಷ ನೆಮ್ಮದಿಯಾಗಿ ಬೈಕೊಂಡಿದ್ದೆ ನಾನು. ಹೇಳದೇ ಇರಕ್ಕಾಗ್ತಿರ್ಲಿಲ್ವಾ ನಿನಗೆ?"

"ಆಗ್ಲಿಲ್ಲ."

"ಬಾಗಿಲ ಹತ್ರ ನಾನೇ ಅಲ್ವಾ ಹೋಗಿ ಹೇಳಿದ್ದು."

"ನಾನು ಕಳಿಸಿದ್ದು. ನೀನು ಮಗು."

"ಮಗುಗೆ ಬಾಯಿತ್ತಲ್ಲ."

ನಲ್ಲಿ ತೊಟ್ಟಿಕ್ಕುತ್ತಿತ್ತು. ಕೆಳಗೆ ಅಂಗಡಿಯಲ್ಲಿ ಹೊಲಿಗೆ ಯಂತ್ರವೊಂದು ಓಡಿ ನಿಂತಿತು. ಮಗಳು ಅತ್ತ ಮುಖ ಮಾಡಿಕೊಂಡೇ ಕೇಳಿದಳು:

"ಎಷ್ಟೆತ್ತರ ಇದ್ರು? ನಾನು ಅವತ್ತು ತಲೆ ಎತ್ತಿ ನೋಡ್ಲೇ ಇಲ್ಲ. ಬರೀ ಚಪ್ಪಲಿ ನೆನಪಿದೆ."

ಕಾಜಮ್ಮನ ಹತ್ತಿರ ಅವರ ಪಟವಿರಲಿಲ್ಲ. ಅಳತೆ ಇತ್ತು. ಅವರ ಅಂಗಿಗಳೆಲ್ಲಕ್ಕೂ ಕಾಜಾ ಹಾಕಿದ್ದು ಅವಳೇ ತಾನೆ.

"ಎದೆ ಮೂವತ್ತಾರು. ತೋಳು ಇಪ್ಪತ್ನಾಲ್ಕು, ಬಲಗೈ ಕಾಲು ಇಂಚು ಉದ್ದ. ಕುತ್ತಿಗೆ ಹದಿನಾಲ್ಕೂವರೆ. ಹೆಗಲು ಸ್ವಲ್ಪ ಇಳಿಜಾರು."

"ಅದೆಲ್ಲ ನನಗೆ ತಿಳಿಯಲ್ಲ ಅಮ್ಮ. ಎತ್ತರ ಹೇಳು."

ಮಗಳು ಬಾಗಿಲ ಚೌಕಟ್ಟಿನ ಹತ್ತಿರ ಹೋಗಿ, ಅಂಗೈಯನ್ನು ಅಡ್ಡಮಾಡಿ ತನ್ನ ತಲೆಯ ಮಟ್ಟಕ್ಕೆ ಹಿಡಿದಳು. ಕಾಜಮ್ಮ ಕಣ್ಣು ಕಿರಿದು ಮಾಡಿ ನೋಡಿದಳು.

"ಇನ್ನೂ ಸ್ವಲ್ಪ ಮೇಲೆ."

ಮಗಳು ಕೈ ಏರಿಸಿದಳು.

"ಇನ್ನೂ," ಅಂದಳು ಕಾಜಮ್ಮ. ಮಗಳು ಒಂದು ಕೈಯಲ್ಲಿ ಚೌಕಟ್ಟನ್ನು ಹಿಡಿದು, ಎತ್ತಿದ ಅಂಗೈಗೆ ತಲೆ ತಾಗುವಂತೆ ಹಿಮ್ಮಡಿ ಎತ್ತಿ ತುದಿಗಾಲಲ್ಲಿ ನಿಂತಳು.