ಬನ್ನು ತಾತನ ತಟ್ಟೆಗಳು

ಪುಟ್ಟಿಯ ಬಾಯಿಗೆ ಬೆರಳು ಹಾಕಿ ಅವಳ ಅಮ್ಮ ಚಾಕಲೇಟಿನ ತುಂಡನ್ನು ಹೊರಗೆಳೆದಾಗ, ನಡುಮನೆಯಲ್ಲಿ ಹೆಣದ ಸುತ್ತ ಕೂತಿದ್ದವರೆಲ್ಲ ಅಳು ನಿಲ್ಲಿಸಿ ಇತ್ತ ತಿರುಗಿದರು.

"ಯಾರು ಕೊಟ್ಟಿದ್ದು ಇದನ್ನ?"

"ನಾನೇ ಕಣೇ," ಎಂದರು ದೊಡ್ಡಮ್ಮ. "ತಾತ ಹೋದ ಅಂತ ಮಗು ಮುಖ ಸಣ್ಣದು ಮಾಡ್ಕೊಂಡಿತ್ತು. ಒಂದು ಚಾಕಲೇಟು ಕೊಟ್ರೆ ವಿಷ ಕೊಟ್ಟ ಹಾಗೆ ಆಡ್ತೀಯಲ್ಲ!"

"ಅವಳಿಗೆ ಕಡಲೆಬೀಜ ಆಗೋದಿಲ್ಲ ದೊಡ್ಡಮ್ಮ."

"ನಂಗೂ ಬದನೆಕಾಯಿ ಆಗಲ್ಲ. ಹಾಗಂತ ಕೊಟ್ಟೋರ ಮೇಲೆ ಎಗರಾಡ್ತೀನಾ?"

ಇಂಥ ಮಾತಿಗೆ ಉತ್ತರ ಕೊಡುವ ಕೆಲಸ ಅವಳ ಅಪ್ಪನದಾಗಿತ್ತು. ಬೀದಿಗೆಲ್ಲ ಬನ್ನು ತಾತ ಎನಿಸಿಕೊಂಡಿದ್ದ, ಒಂದಿಡೀ ಆಯುಸ್ಸನ್ನು ಬೇಕರಿಯ ಭಟ್ಟಿಯ ಮುಂದೆ ಬೆವರಿ ಕಳೆದ ಅಪ್ಪ ಈಗ ಬಿಳಿ ಬಟ್ಟೆ ಹೊದ್ದು ಮಲಗಿದ್ದರು. ಅವಳು ತುಂಡನ್ನು ಬೆಳಕಿಗೆ ಹಿಡಿದು ನೋಡಿದಳು. ಬರೀ ಚಾಕಲೇಟು. ಈ ಸಲ ಬದುಕಿದೆವು ಅಂದುಕೊಂಡಳು.

ಸಾವಿನ ಮನೆಯಲ್ಲಿ ಒಲೆ ಹೊತ್ತಿಸುವುದು ಯಾರಿಗೆ ಆದೀತು ಎಂದು ಬಂದವರೆಲ್ಲ ಒಂದೊಂದು ಡಬ್ಬಿ ತಂದಿದ್ದರು. ಯಾವುದರಲ್ಲಿ ಏನಿದೆಯೋ! ಪುಟ್ಟಿಯ ತಲೆ ಸವರಿದ ಪ್ರತಿಯೊಬ್ಬರ ಇನ್ನೊಂದು ಕೈ ಚೀಲದೊಳಗೆ ಹೋಗುತ್ತಿತ್ತು. ಅಪ್ಪನಿಗಾಗಿ ಅಳೋಣವೆಂದರೆ ಕಣ್ಣು ಮಂಜಾದೀತು, ಮಗು ಕಾಣದಾದೀತು ಎಂಬ ಭಯ. ಬೆಳಗಿನಿಂದ ಅವಳು ಹೆಗಲ ಚೀಲವನ್ನೂ ಕೆಳಗಿಟ್ಟಿರಲಿಲ್ಲ. ಅದರಲ್ಲಿ, ಕಡಲೆಬೀಜ ಹೊಟ್ಟೆಗೆ ಹೋದರೆ ತಕ್ಷಣ ಚುಚ್ಚಬೇಕಾದ ಪುಟ್ಟಿಯ ಇಂಜೆಕ್ಷನ್ ಇತ್ತು.

*

ಪುಟ್ಟಿಗೆ ಇನ್ನೂ ಮಾತು ಬಾರದ ಕಾಲ. ತಾತನೇ ತೊಡೆಯ ಮೇಲೆ ಕೂರಿಸಿಕೊಂಡು ಬಿಸಿ ಬನ್ನು ಮುರಿದು ತಿನ್ನಿಸಿದ್ದರು. ನೋಡನೋಡುತ್ತಿದ್ದಂತೆ ಮಗುವಿನ ತುಟಿ ಊದಿತು, ಉಸಿರು ಸಿಳ್ಳೆ ಹಾಕತೊಡಗಿತು. ಮೈದಾ ಮೆತ್ತಿದ ಬನಿಯನ್ನಿನಲ್ಲೇ ಅವರು ಮಗುವನ್ನೆತ್ತಿಕೊಂಡು ಆಸ್ಪತ್ರೆಗೆ ಓಡಿದ್ದರು.

ಬನ್ನಿನಲ್ಲಿ ಕಡಲೆಬೀಜ ಇರಲೇ ಇಲ್ಲ. ಇದ್ದದ್ದು ತಟ್ಟೆಯಲ್ಲಿ. ಬೇಕರಿಯವರು ಭಟ್ಟಿಯ ತಟ್ಟೆ ತೊಳೆಯುವುದಿಲ್ಲ. ತೊಳೆದರೆ ತುಕ್ಕು ಹಿಡಿಯುತ್ತದೆ, ಹಿಟ್ಟು ಅಂಟುತ್ತದೆ. ಎಣ್ಣೆ ಬಟ್ಟೆಯಲ್ಲಿ ಒರೆಸಿದರೆ ಆಯಿತು. ಹಿಂದಿನ ದಿನ ಅದೇ ತಟ್ಟೆಯಲ್ಲಿ ಅವರ ಹೆಸರುವಾಸಿ ಕಡಲೆಬೀಜದ ಬಿಸ್ಕತ್ತು ಬೆಂದಿತ್ತು.

ಮರುದಿನವೇ ತಾತ ತಟ್ಟೆಗಳನ್ನೆಲ್ಲ ಗುಜರಿಗೆ ಹಾಕಿ ಹೊಸದು ತಂದರು. ಬಿಸ್ಕತ್ತು ನಿಂತಿತು. ಗಿರಾಕಿಗಳು ಮುದುಕನಿಗೆ ಅರಳುಮರಳು ಎಂದು ಆಡಿಕೊಂಡರು. ತಾತ ಕೇಳಲಿಲ್ಲ. ಯಾರ ಮನೆಯ ಊಟಕ್ಕೆ ಹೋಗಲಿ, ಎಲ್ಲರಿಗೂ ಕೇಳಿಸುವ ಹಾಗೆ, "ಇದಕ್ಕೆ ಏನೇನು ಹಾಕಿದ್ದೀರಿ? ಯಾವ ಸೌಟು? ಯಾವ ಬಾಣಲೆ?" ಎಂದು ತನಿಖೆಗೆ ನಿಲ್ಲುತ್ತಿದ್ದರು. ಮಗಳಿಗೆ ನಾಚಿಕೆಯಿಂದ ಭೂಮಿಗಿಳಿದು ಹೋಗುವಂತಾಗುತ್ತಿತ್ತು.

"ಅಪ್ಪಾ, ಮೆಲ್ಲಗೆ ಕೇಳಬಾರದಾ?"

"ಮೆಲ್ಲಗೆ ಕೇಳಿದ್ರೆ ಮೆಲ್ಲಗೆ ಸುಳ್ಳು ಹೇಳ್ತಾರೆ ಕಣಮ್ಮ."

*

ಮಧ್ಯಾಹ್ನಕ್ಕೆ ಮೇಸ್ತ್ರಿ ಬಂದ. ಅಪ್ಪ ಹಾಸಿಗೆ ಹಿಡಿದ ಮೇಲೆ ಬೇಕರಿ ನಡೆಸುತ್ತಿದ್ದವನು ಅವನೇ. ತಲೆಯ ಮೇಲೆ ಬುಟ್ಟಿ, ಬುಟ್ಟಿ ತುಂಬ ಬನ್ನು. ಹೆಣದ ಕಾಲ ಬಳಿ ಕುಸಿದು ಕೂತು ಮಗುವಿನ ಹಾಗೆ ಅತ್ತ.

"ಯಜಮಾನರ ಭಟ್ಟೀದು. ಎಲ್ಲರೂ ಒಂದೊಂದು ತಗೊಳ್ಳಿ," ಎಂದ.

ಪುಟ್ಟಿ ಅಮ್ಮನ ಮುಖ ನೋಡಿದಳು. ಬೆಳಗಿನಿಂದ ಬೇಡ ಬೇಡ ಎಂದು ಸಾಕಾಗಿದ್ದ ಅಮ್ಮ ಹೂಂ ಎಂದು ತಲೆಯಾಡಿಸಿದಳು. ಲೋಕದಲ್ಲಿ ಕೇಳದೆ ತಿನ್ನಬಹುದಾದದ್ದು ಅದೊಂದೇ. ಮಗು ಬನ್ನು ಹಿಡಿದು ಹಿತ್ತಲಿಗೆ ಓಡಿತು. ಅವಳು ಮೊದಲ ಸಲ ಅಪ್ಪನ ಪಕ್ಕ ಕೂತು, ತಣ್ಣಗಿದ್ದ ಕೈ ಹಿಡಿದು ಅತ್ತಳು.

ಬಾಗಿಲ ಬಳಿ ಯಾರೋ ಮೇಸ್ತ್ರಿಯ ಹೆಗಲು ತಟ್ಟುತ್ತಿದ್ದರು. "ಕಡಲೆಬೀಜದ ಬಿಸ್ಕತ್ತು ಮತ್ತೆ ಶುರು ಮಾಡಿದೆಯಲ್ಲಪ್ಪ, ಪುಣ್ಯಾತ್ಮ. ಏನು ರುಚಿ ಅಂತೀಯ!"

ಅವಳು ಎದ್ದು ಹೋಗಿ ಮೇಸ್ತ್ರಿಯ ತೋಳು ಹಿಡಿದಳು.

"ಇದ್ರಲ್ಲಿ ಹಾಕಿದ್ದೀಯಾ?"

"ಅಯ್ಯೋ, ಬನ್ನಿಗೆ ಒಂದು ಕಾಳೂ ಹಾಕಿಲ್ಲಕ್ಕ, ನನ್ನಾಣೆ! ಬಿಸ್ಕತ್ತೇ ಬೇರೆ, ಬನ್ನೇ ಬೇರೆ."

"ತಟ್ಟೆ?"

ಮೇಸ್ತ್ರಿ ಬಾಯಿ ತೆರೆದ. "ಒರೆಸಿದ್ದೀನಿ…" ಎಂದ. ಹೇಳುತ್ತ ಹೇಳುತ್ತಲೇ ಅವನ ಮುಖ ಬಿಳಿಚಿಕೊಂಡಿತು.

ಅವಳು ಹಿತ್ತಲಿಗೆ ಓಡಿದಳು. ಪುಟ್ಟಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು ಕತ್ತು ಕೆರೆದುಕೊಳ್ಳುತ್ತಿದ್ದಳು. ಬನ್ನು ಅರ್ಧ ಖಾಲಿಯಾಗಿತ್ತು.

"ಅಮ್ಮಾ, ನಾಲಿಗೆ ಚುಚ್ತಾ ಇದೆ." ಧ್ವನಿ ಆಗಲೇ ಗೊಗ್ಗರಾಗಿತ್ತು.

ಅವಳು ಮಗುವನ್ನು ನೆಲಕ್ಕೆ ಮಲಗಿಸಿ, ಚೀಲದಿಂದ ಇಂಜೆಕ್ಷನ್ ತೆಗೆದು, ಲಂಗದ ಮೇಲಿಂದಲೇ ತೊಡೆಗೆ ಒತ್ತಿ ಹಿಡಿದಳು. ಪುಟ್ಟಿ ಕಿರುಚಿದಳು. ಸುತ್ತ ಜನ ಸೇರಿದರು. ನೀರು ಕುಡಿಸಿ ಎಂದರೊಬ್ಬರು. ಬಿಸಿಲಿಗೆ ಹೀಗಾಗುತ್ತೆ, ಒಂದು ನಿದ್ದೆ ಆದರೆ ಸರಿಹೋಗುತ್ತೆ ಎಂದರು ಇನ್ನೊಬ್ಬರು.

"ಏನೂ ಕುಡಿಸಬೇಡಿ! ಆಂಬುಲೆನ್ಸ್‌ಗೆ ಫೋನ್ ಮಾಡಿ!"

ಮೇಸ್ತ್ರಿ ಆಗಲೇ ಫೋನು ಕಿವಿಗಿಟ್ಟಿದ್ದ. "ದೂರ ಇದೆಯಂತೆ ಅಕ್ಕ. ಹೊತ್ತಾಗುತ್ತಂತೆ."

ಅವಳು ಮಗುವನ್ನೆತ್ತಿಕೊಂಡು ನಡುಮನೆ ದಾಟಿ ಬೀದಿಗೆ ಬಂದಳು. ಅಪ್ಪನನ್ನು ಒಯ್ಯಲು ಆಗಷ್ಟೇ ಬಂದಿದ್ದ ಗಾಜಿನ ಗಾಡಿ ಬಾಗಿಲಿಗೇ ನಿಂತಿತ್ತು. ಅದರ ಹಿಂಬಾಗಿಲು ತೆಗೆದಳು.

"ಏನೇ ಮಾಡ್ತಿದ್ದೀಯ!" ದೊಡ್ಡಮ್ಮ ಎದೆ ಬಡಿದುಕೊಂಡರು. "ಹೆಣದ ಗಾಡೀಲಿ ಜೀವ ಇರೋ ಮಗುನಾ? ಅಲ್ಲಿ ನಿಮ್ಮಪ್ಪ…"

"ಅಪ್ಪ ಕಾಯ್ತಾರೆ! ಮಗು ಕಾಯಲ್ಲ!"

ಹುಟ್ಟಿದಾಗಿನಿಂದ ಅವಳು ಅಷ್ಟು ಜೋರಾಗಿ ಕೂಗಿದ್ದನ್ನು ಆ ಬೀದಿಯಲ್ಲಿ ಯಾರೂ ಕೇಳಿರಲಿಲ್ಲ. ಡ್ರೈವರ್ ಮರುಮಾತಾಡದೆ ಗಾಡಿ ಹೊರಡಿಸಿದ.

"ಇದಕ್ಕೆ ಸೈರನ್ ಇಲ್ಲ ತಾಯಿ," ಎಂದ, ಗೇರು ಬದಲಿಸುತ್ತ. "ಇದ್ರಲ್ಲಿ ಹೋಗೋರಿಗೆ ಯಾರಿಗೂ ಅವಸರ ಇರ್ತಿರ್ಲಿಲ್ಲ."

ಹೆಣಕ್ಕೆಂದು ಮಾಡಿದ ಉದ್ದನೆಯ ಹಲಗೆಯ ಮೇಲೆ ಪುಟ್ಟಿ ಮಲಗಿದ್ದಳು. ಅಮ್ಮ ಪಕ್ಕದಲ್ಲಿ ಮೊಣಕಾಲೂರಿ, ಜೀವ ಕೈಯಲ್ಲಿ ಹಿಡಿದು, ಅವಳ ಎದೆಯ ಏರಿಳಿತ ನೋಡುತ್ತಿದ್ದಳು. ಸಿಳ್ಳೆಯಂಥ ಉಸಿರು. ಮತ್ತೊಂದು. ಮತ್ತೊಂದು. ಮುಂದಿನ ತಿರುವಿನ ಹೊತ್ತಿಗೆ ಸಿಳ್ಳೆ ಸ್ವಲ್ಪ ತಗ್ಗಿದಂತಾಯಿತು. ನಂಬಲು ಅವಳಿಗೆ ಧೈರ್ಯವಾಗಲಿಲ್ಲ.

ಸಂತೆಬೀದಿಯ ಗದ್ದಲ ಗಾಡಿಯನ್ನು ಕಂಡು ತಾನಾಗಿ ಇಬ್ಭಾಗವಾಯಿತು. ಚೌಕಾಸಿ ನಿಂತಿತು. ಸೈಕಲ್ಲಿನವರು ಕೆಳಗಿಳಿದರು. ಹೋದವರು ಯಾರೋ ಏನೋ ಎಂದು ಜನ ಎರಡೂ ಬದಿಗೆ ಸರಿದು, ತಲೆ ತಗ್ಗಿಸಿ ನಿಂತರು.

"ಅಮ್ಮಾ, ಇವರೆಲ್ಲ ನನ್ನ ನೋಡೋಕೆ ನಿಂತಿದ್ದಾರಾ?"

ಗಾಜಿನಾಚೆ ಕಂಕುಳಲ್ಲಿ ತೂಕದ ಕಲ್ಲುಗಳನ್ನು ಅವುಚಿಕೊಂಡು ಕೈಮುಗಿದಿದ್ದ ತರಕಾರಿಯವನೊಬ್ಬ ಮೆಲ್ಲಗೆ ತಲೆಯೆತ್ತಿದ. ಹೆಣದ ಹಲಗೆಯ ಮೇಲಿಂದ ಒಂದು ಪುಟ್ಟ ಕೈ ಎದ್ದು, ಅವನಿಗೆ ಟಾಟಾ ಮಾಡುತ್ತಿತ್ತು.