ಮಾರಿಯಮ್ಮನ ಹತ್ತಿರ ಕಲಿತ ಮಾತು

ಚಿನ್ನದ ಗಣಿಯೊಳಗೆ ನನ್ನ ಗಂಡ ಚಿಕ್ಕವೆಂಕಟಪ್ಪನ ತಲೆಯ ಮೇಲೆ ಕಲ್ಲು ಬಿದ್ದದ್ದು ಐವತ್ತೆಂಟರ ಆಷಾಢದಲ್ಲಿ. ಎರಡು ತಿಂಗಳು ಆಸ್ಪತ್ರೆಯಲ್ಲಿದ್ದು ಉರಿಗಾಮಿನಲ್ಲಿ ಗಣಿಯವರು ಕೊಟ್ಟಿದ್ದ ಲೈನು ಮನೆಗೆ ಬಂದಾಗ ಅವರಿಗೆ ಏನೂ ಬರುತ್ತಿರಲಿಲ್ಲ. ಗೋಡೆ ಹಿಡಿಸಿ ನಡೆಸಿದೆ. ಮುದ್ದೆ ಮುರಿಯುವುದನ್ನು ಕಲಿಸಿದೆ. ಅಂಗಿಯ ಗುಂಡಿ ಹಾಕಿಕೊಳ್ಳುವುದಕ್ಕೇ ಒಂದು ತಿಂಗಳು ಹಿಡಿಯಿತು. ಮಾತು ಮಾತ್ರ ಬರಲಿಲ್ಲ. "ಮಾತಾಡಿಸ್ತಾ ಇರಮ್ಮ, ಬರುತ್ತೆ" ಎಂದಿದ್ದರು ಡಾಕ್ಟರು. ಬಾಯಿ ನೋಯುವಷ್ಟು ಮಾತಾಡಿದೆ. ಅವರು ಬಂಗಾರಪೇಟೆ ರೈಲಿನಲ್ಲಿ ಎದುರಿಗೆ ಕೂತವರನ್ನು ನೋಡುವ ಹಾಗೆ ನನ್ನನ್ನು ನೋಡುತ್ತಿದ್ದರು.

ಕೊನೆಗೆ ಮಾತು ಬರಿಸಿದವಳು ಪಕ್ಕದ ಮನೆಯ ತಮಿಳಿನವಳು ಮಾರಿಯಮ್ಮ. ಕೊಳಾಯಿ ಹತ್ತಿರ ಕೊಡ ಇಡುವ ಸರದಿಗೆ ಜಗಳವಾಡಿ ಅವಳೂ ನಾನೂ ಮೂರು ವರ್ಷ ಮಾತು ಬಿಟ್ಟಿದ್ದೆವು. ಒಂದು ಮಧ್ಯಾಹ್ನ ಅವಳು ಬಾಗಿಲಲ್ಲಿ ನಿಂತು, "ತಣ್ಣಿ ವೇಣುಮಾ, ತಂಬಿ?" ಎಂದು ಕೇಳಿದಳು, ನೀರು ಬೇಕಾ ತಮ್ಮಾ ಅಂತ.

"ವೇಣುಂ" ಎಂದರು ನನ್ನ ಗಂಡ. ಬೇಕು ಅಂತ.

ಐದು ತಿಂಗಳ ಮೇಲೆ ಬಂದ ಮೊದಲ ಮಾತು. ಕುಣಿದಾಡಬೇಕಿತ್ತು ನಾನು. ಸುಳ್ಳು ಯಾಕೆ ಹೇಳಲಿ, ಹೊಟ್ಟೆ ಉರಿದುಹೋಯಿತು.

ಹನ್ನೊಂದು ವರ್ಷ ಭೂಮಿಯ ಕೆಳಗೆ ತಮಿಳರ ಜೊತೆ ದುಡಿದವರು ಅವರು. ಕನ್ನಡವಾಡುತ್ತಿದ್ದದ್ದು ಮೇಲೆ ಬಂದಾಗ, ನನ್ನೊಂದಿಗೆ. ಆ ಕಲ್ಲು ನನ್ನ ಪಾಲಿನದನ್ನೇ ಅಳಿಸಿ, ಮಿಕ್ಕಿದ್ದನ್ನು ಉಳಿಸಿತ್ತು. ಮದುವೆಯಾದ ಹೊಸದರಲ್ಲಿ "ಎಲ್ಡು ಮಾತು ತಮಿಳು ಕಲ್ತ್ಕೊಳ್ಳೇ" ಎಂದಿದ್ದರು. "ಬೇಕಾದ್ರೆ ಅವ್ರೇ ಕನ್ನಡ ಕಲೀಲಿ" ಎಂದಿದ್ದೆ ನಾನು, ಬಂಗಾರಪೇಟೆ ಕಡೆಯ ಹಟಮಾರಿ. "ನನ್ ಎಂಡ್ತಿಗೆ ತಮಿಳು ಬರಲ್ಲ, ಬರಾದೂ ಇಲ್ಲ" ಎಂದು ಅವರು ಲೈನಿನವರ ಮುಂದೆಲ್ಲ ನಗುತ್ತ ಹೇಳಿಕೊಂಡು ತಿರುಗಿದ್ದರು.

ಮಡಿಲಲ್ಲಿ ಅವರೆಕಾಯಿ ಕಟ್ಟಿಕೊಂಡು ಮಾರಿಯಮ್ಮನ ಮನೆಗೆ ಹೋದೆ. "ಅಕ್ಕಾ, ನಂಗೆ ತಮಿಳು ಏಳ್ಕೊಡು."

"ನನ್ ಕೊಡ ಒದ್ದೋಳ್ಗಾ?" ಎಂದಳು. ಆಮೇಲೆ ಮೊರ ತಂದು ನನ್ನೆದುರಿಗೆ ಕೂತಳು. ಕಾಯಿ ಸುಲಿಯುತ್ತ ಸುಲಿಯುತ್ತ ಕಲಿತೆ. ಬಾ ಎನ್ನಲು ವಾ, ಕೂತುಕೋ ಎನ್ನಲು ಉಕ್ಕಾರು, ಹೇಳುತ್ತೇನೆ ಎನ್ನಲು ಸೊಲ್ರೇನ್. ನನ್ನ ನಾಲಿಗೆ ತಿರುಗದಿದ್ದಾಗ ಅವಳು ಬಿದ್ದು ಬಿದ್ದು ನಗುತ್ತಿದ್ದಳು. ಸಂಜೆ ಅವಳು ಬಂದು ಅವರನ್ನು ಮಾತಾಡಿಸುವಾಗ, ನನ್ನ ಮನೆಯಲ್ಲಿ ನಾನೇ ನೆಂಟರಂತೆ ಮೂಲೆಯಲ್ಲಿ ಕೂತಿರುತ್ತಿದ್ದೆ.

"ನೀ ಯಾರೂಂತ ಅವ್ರನ್ನ ಕೇಳ್ಲಾ?" ಎಂದಳು ಒಮ್ಮೆ. ಬೇಡವೆಂದೆ. ಅದನ್ನು ನನ್ನ ಬಾಯಿಂದಲೇ ಕೇಳಬೇಕಿತ್ತು. ಮಾತು ಸೇರಿದರೆ ಗುರುತೂ ಸಿಗುತ್ತದೆ ಎಂದು ನಂಬಿಕೊಂಡಿದ್ದೆ.

ಯುಗಾದಿಯ ದಿನ ಅವರಿಗೆ ಎಣ್ಣೆನೀರು ಹಾಕಿ, ಹೊಸ ಅಂಗಿ ತೊಡಿಸಿ, ಎದುರಿಗೆ ತಟ್ಟೆಯಿಟ್ಟು ಕೂತೆ. ನಾನು ಯಾರೆಂದು ಗೊತ್ತೇ ಎಂದು ತಮಿಳಿನಲ್ಲಿ ಕೇಳಿದೆ. ಒಂದಕ್ಷರವೂ ತಪ್ಪಲಿಲ್ಲ.

ಅವರ ಮುಖ ಅರಳಿತು. ಗೊತ್ತಿಲ್ಲದೆ ಏನು, ದಿನಾ ಊಟ ಹಾಕುವ ಅಕ್ಕ ಅಲ್ಲವೇ ಎಂದರು. ಆಮೇಲೆ ಮುಂದೆ ಬಾಗಿ, ದನಿ ತಗ್ಗಿಸಿ, ತಮಿಳಿನಲ್ಲೇ ಹೇಳಿದರು:

"ಅಕ್ಕಾ, ನನ್ನ ಹೆಂಡತಿ ಕಾಯ್ತಾ ಇರ್ತಾಳೆ. ಪಾಪ, ಅವಳಿಗೆ ತಮಿಳು ಬರಲ್ಲ. ನೀವೇ ಅವಳ ಮಾತಲ್ಲಿ ಹೇಳಿ. ತಲೆಗೆ ಪೆಟ್ಟಾಯ್ತು ಅನ್ನಬೇಡಿ, ಹೆದರ್ತಾಳೆ. ಶಿಫ್ಟು ಮುಗೀತಿದ್ದ ಹಾಗೇ ಬರ್ತೀನಿ ಅಂತ ಹೇಳಿ."

ನಾನೇ ಅವಳು ಎನ್ನಬೇಕೆಂದು ಬಾಯಿ ತೆರೆದೆ. ಕನ್ನಡದಲ್ಲಿ ಹೇಳಿದರೆ ಅವರಿಗೆ ತಿಳಿಯದು. ತಮಿಳಿನಲ್ಲಿ ಹೇಳಿದರೆ ಅವರು ನಂಬರು. ಅವರು ನನ್ನ ಉತ್ತರಕ್ಕೆ ಕಾಯುತ್ತಲೇ ಇದ್ದರು, ತಟ್ಟೆ ಮುಟ್ಟದೆ.

"ಸೊಲ್ರೇನ್" ಎಂದೆ.

ಅವರಿಗೆ ಸಮಾಧಾನವಾಯಿತು. ಊಟಕ್ಕೆ ಕೈಯಿಟ್ಟರು.